‘ನಾವು’ ಅಂದರೆ ಯಾರ್ಯಾರು? ಮಾತಿನೊಳಗೆ ಮನಸ್ಸನ್ನು ಹುಡುಕುವ ಭಾಷಾವಿಜ್ಞಾನ

ಮೇ ತಿಂಗಳ ಕೊನೆಯ ವಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಆ ಮನೆಯ ಸೊಸೆ ಮಂಗಳೂರಿನ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ನಾಳೆ ಸಿಗ್ಲಿಕ್ಕಿಲ್ಲ ಮಾರಾಯ್ತಿ, ನಾವು ಮದುವೆಗೆ ಹೋಗ್ತೇವೆ" ಅಂದಳು. ಫೋನ್ ಇಟ್ಟದ್ದೇ ತಡ, ನಾಲ್ಕು ವರ್ಷದ ಮಗಳು ತನ್ನ ಹವ್ಯಕ ಭಾಷೆಯಲ್ಲಿ ಕೇಳಿದಳು: "ಅಮ್ಮಾ, ಅವುದೆ ನಮ್ಮೊಟ್ಟಿಂಗೆ ಬತ್ತವಾ?" ಅವರೂ ನಮ್ಮ ಜೊತೆ ಬರುತ್ತಾರಾ ಅಂತ.

ಅಮ್ಮನಿಗೆ ನಗು ಬಂತು. ಆಮೇಲೆ ಮುಖ ಸಣ್ಣದಾಯಿತು. "ನೋಡಿ ಅಕ್ಕ, ಇದೇ ನನಗೆ ತಲೆಬಿಸಿ. ಇವಳಿಗೆ ಅಜ್ಜಿ ಹತ್ರ ಹವ್ಯಕ, ತೋಟದ ಕೆಲಸದವರ ಹತ್ರ ತುಳು, ಆಟೋದವರ ಹತ್ರ ಮಲಯಾಳ, ಟಿವಿಯಲ್ಲಿ ಕನ್ನಡ. ಎಲ್‌ಕೆಜಿಗೆ ಸೇರಿಸ್ಲಿಕ್ಕೆ ಹೋದಲ್ಲಿ ಹೇಳಿದ್ರು, ಇಷ್ಟು ಭಾಷೆ ಒಟ್ಟಿಗೆ ಬೇಡ, ಮಗುವಿನ ತಲೆ ಕಲಸಿಹೋಗ್ತದೆ ಅಂತ."

ಆದರೆ ಮಗುವಿನ ಪ್ರಶ್ನೆಯಲ್ಲಿ ಗೊಂದಲ ಇರಲಿಲ್ಲ. ಅದು ಬಹಳ ಕರಾರುವಾಕ್ಕಾದ ಪ್ರಶ್ನೆ. ಹವ್ಯಕ ಭಾಷೆಯಲ್ಲಿ ‘ನಾವು’ ಅನ್ನುವುದಕ್ಕೆ ಎರಡು ಪದಗಳಿವೆ. ಮಾತು ಕೇಳಿಸಿಕೊಳ್ಳುವವರನ್ನೂ ಸೇರಿಸಿ ಹೇಳಿದರೆ ‘ನಾವು’. ಅವರನ್ನು ಬಿಟ್ಟು ಹೇಳಿದರೆ ‘ಎಂಗೊ’. ತುಳುವಿನಲ್ಲೂ ಹೀಗೆಯೇ, ಸೇರಿಸಿದರೆ ‘ನಮ’, ಬಿಟ್ಟರೆ ‘ಎಂಕುಲು’. ಮಲಯಾಳದಲ್ಲಿ ‘ನಮ್ಮಳ್’ ಮತ್ತು ‘ಞಙ್ಙಳ್’. ಪುಸ್ತಕದ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ‘ನಾವು’. ಅಮ್ಮ ಗೆಳತಿಗೆ ಹೇಳಿದ್ದು ಕನ್ನಡದ ‘ನಾವು’. ಮಗು ಕೇಳಿಸಿಕೊಂಡದ್ದು ಹವ್ಯಕದ ‘ನಾವು’. ಹಾಗಾದರೆ ಆ ಗೆಳತಿಯೂ ಮದುವೆಗೆ ಬರಬೇಕಲ್ಲ!

ಒಂದು ಸಣ್ಣ ಪದ, ಅದರ ಹಿಂದೆ ಲೋಕವನ್ನು ವಿಂಗಡಿಸುವ ಒಂದು ಕ್ರಮ. ಮಾತಿನ ಹಿಂದಿರುವ ಇಂಥ ಕ್ರಮಗಳನ್ನೇ ಹುಡುಕುವ ಒಂದು ವಿಜ್ಞಾನ ಇದೆ. ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸುವುದು ಎಂದು ಮನೆಮನೆಯಲ್ಲಿ ಚರ್ಚೆ ನಡೆಯುವ ಈ ಹೊತ್ತಿನಲ್ಲಿ ಅದನ್ನು ಸ್ವಲ್ಪ ತಿಳಿದುಕೊಂಡರೆ ಉಪಯೋಗ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

## ಹೆಸರು ದೊಡ್ಡದು, ವಿಷಯ ಮನೆಯದ್ದೇ

ಇದರ ಹೆಸರು ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್. ಕನ್ನಡದಲ್ಲಿ ಅರಿವಿನ ಭಾಷಾವಿಜ್ಞಾನ ಎನ್ನಬಹುದು. ಅರಿವು ಅಂದರೆ ಇಲ್ಲಿ ಜ್ಞಾನೋದಯದ ಅರ್ಥ ಅಲ್ಲ. ನೋಡುವುದು, ನೆನಪಿಡುವುದು, ಗುಂಪು ಮಾಡುವುದು, ಹೋಲಿಸುವುದು, ಒಂದರ ಮೇಲೆ ಗಮನ ಇಟ್ಟು ಇನ್ನೊಂದನ್ನು ಬದಿಗೆ ಬಿಡುವುದು, ಹೀಗೆ ತಲೆ ದಿನವಿಡೀ ಮಾಡುವ ಕೆಲಸಗಳೆಲ್ಲ ಸೇರಿ ಅರಿವು.

ಇದಕ್ಕಿಂತ ಮೊದಲು ಬಲವಾಗಿದ್ದ ವಿಚಾರ ಅಮೆರಿಕದ ನೋಮ್ ಚಾಮ್‌ಸ್ಕಿ ಅವರದ್ದು. 1957ರಲ್ಲಿ ಬಂದ ಅವರ ಒಂದು ಸಣ್ಣ ಪುಸ್ತಕ ಭಾಷಾವಿಜ್ಞಾನದ ದಿಕ್ಕನ್ನೇ ಬದಲಿಸಿತು. ಭಾಷೆಯ ಶಕ್ತಿ ಮನುಷ್ಯನಿಗೆ ಹುಟ್ಟಿನಿಂದಲೇ ಬರುತ್ತದೆ, ವ್ಯಾಕರಣ ತನ್ನದೇ ನಿಯಮಗಳಿಂದ ನಡೆಯುತ್ತದೆ, ಅರ್ಥವನ್ನು ಬದಿಗಿಟ್ಟು ಅದನ್ನು ಅಭ್ಯಾಸ ಮಾಡಬಹುದು ಎನ್ನುವುದು ಆ ದಾರಿ. ಮನೆಗೆ ಹೋಲಿಸಿದರೆ, ತಲೆಯೊಳಗೆ ಭಾಷೆಗೆ ಬೇರೆಯೇ ಒಂದು ಕೋಣೆ ಇದೆ, ಅದಕ್ಕೆ ಬೇರೆಯೇ ಬೀಗ ಇದೆ ಅಂದ ಹಾಗೆ.

ಎಪ್ಪತ್ತರ ದಶಕದಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಜಾರ್ಜ್ ಲೇಕಾಫ್ ಮತ್ತು ಚಾರ್ಲ್ಸ್ ಫಿಲ್ಮೋರ್, ಸ್ಯಾನ್ ಡಿಯಾಗೋದಲ್ಲಿದ್ದ ರೊನಾಲ್ಡ್ ಲ್ಯಾಂಗಾಕರ್, ಜೊತೆಗೆ ಲಿಯೊನಾರ್ಡ್ ಟಾಲ್ಮಿ ಮುಂತಾದವರು. ಇವರ ಪ್ರಕಾರ ಬೇರೆ ಕೋಣೆ ಬೇಕಿಲ್ಲ. ಮನೆಗೆ ಒಂದೇ ಬಾವಿ ಇದ್ದರೆ ಅಡಿಗೆಗೂ ಅದೇ ನೀರು, ಸ್ನಾನಕ್ಕೂ ಅದೇ, ಬಸಳೆ ಚಪ್ಪರಕ್ಕೂ ಅದೇ. ಹಾಗೆಯೇ ನೋಡಲು, ನಡೆಯಲು, ನೆನಪಿಡಲು ಬಳಸುವ ಬುದ್ಧಿಯೇ ಮಾತಿಗೂ ಹರಿದು ಬರುತ್ತದೆ. 1989ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಈ ವಿಚಾರದವರ ಸಮ್ಮೇಳನ ನಡೆಯಿತು, ಮರುವರ್ಷ ಇದಕ್ಕೇ ಒಂದು ಪತ್ರಿಕೆ ಶುರುವಾಯಿತು.

ಇತಿಹಾಸ ಇಷ್ಟು ಸಾಕು. ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಏಳು ಭಾಷೆಗಳ ನಾಡು ಎಂದು ಕರೆಸಿಕೊಳ್ಳುವ ಕಾಸರಗೋಡಿನ ಒಂದು ಅಂಗಳ ಸಾಕು.

## ಕೈಯಿಂದ ಹೊರಟ ಪದ

‘ಹಿಡಿ’ ಎಂಬ ಪದವನ್ನೇ ನೋಡಿ. ಮೂಲದಲ್ಲಿ ಅದು ಬೆರಳು ಮಡಚಿ ಏನನ್ನೋ ಗಟ್ಟಿಮಾಡಿಕೊಳ್ಳುವ ಕೆಲಸ. ಕತ್ತಿಯ ಹಿಡಿ, ಒಂದು ಹಿಡಿ ಅಕ್ಕಿ. ನಮ್ಮಲ್ಲಿ ಅಂಗಳ ಗುಡಿಸುವ ತೆಂಗಿನ ಕಡ್ಡಿಯ ಪೊರಕೆಗೆ ಹಿಡಿಸೂಡಿ ಅಂತಲೇ ಹೆಸರು. ಇಲ್ಲಿಯವರೆಗೆ ಕೈ ಕಣ್ಣಿಗೆ ಕಾಣುತ್ತದೆ.

ಆಮೇಲೆ ಕೈ ಮರೆಯಾಗುತ್ತದೆ. ಬಸ್ಸು ಹಿಡಿದೆವು, ದಾರಿ ಹಿಡಿದೆವು, ಮಗು ಹಠ ಹಿಡಿಯಿತು, ಸೌದೆಗೆ ಬೆಂಕಿ ಹಿಡಿಯಿತು, ಮಳೆ ಹಿಡಿಯಿತು. ಈ ಚೆಂಬಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳುತ್ತೇವೆ. ಸೀರೆ ಮನಸ್ಸಿಗೆ ಹಿಡಿಸಿತು ಅನ್ನುತ್ತೇವೆ. ನಿಘಂಟಿನಲ್ಲಿ ಇವೆಲ್ಲ ಒಂದು, ಎರಡು, ಮೂರು ಎಂದು ಬಿಡಿಬಿಡಿಯಾಗಿ ಇರುತ್ತವೆ. ಅರಿವಿನ ಭಾಷಾವಿಜ್ಞಾನ ಇವುಗಳನ್ನು ಒಂದೇ ಸಂಸಾರದಂತೆ ನೋಡುತ್ತದೆ. ನಡುವೆ ಮುಷ್ಟಿ ಕಟ್ಟಿದ ಕೈ. ಬಿಡದೆ ಇರುವುದು ಎಂಬ ಗುಣ ತೆಗೆದುಕೊಂಡು ಹಠ ಆ ಕಡೆ ಹೋಯಿತು. ಒಳಗೆ ಇರಿಸಿಕೊಳ್ಳುವುದು ಎಂಬ ಗುಣ ತೆಗೆದುಕೊಂಡು ಚೆಂಬು ಈ ಕಡೆ ಬಂತು. ಅಣ್ಣತಮ್ಮಂದಿರಿಗೆ ಎಲ್ಲರಿಗೂ ಒಂದೇ ಮೂಗು ಇರಬೇಕೆಂದಿಲ್ಲ. ಒಬ್ಬನಿಗೆ ಅಪ್ಪನ ಹಣೆ, ಇನ್ನೊಬ್ಬನಿಗೆ ಅಮ್ಮನ ಕಣ್ಣು. ಆದರೂ ಒಂದೇ ಮನೆಯವರು ಅಂತ ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ಅಂದರೆ ಅರ್ಥ ಹುಟ್ಟುವುದು ದೇಹದ ಅನುಭವದಿಂದ. ಅಂಬೆಗಾಲಿಡುವ ಮಗು ಹೊಸ್ತಿಲು ದಾಟಿ ಹೊರಗೆ ಹೋಗುತ್ತದೆ, ಎತ್ತಿ ಒಳಗೆ ತಂದರೆ ಮತ್ತೆ ಹೊರಗೆ. ಈ ಒಳಗೆ-ಹೊರಗೆಯ ಆಟವೇ ಮುಂದೆ "ಮನಸ್ಸಿನೊಳಗೇ ಇಟ್ಟುಕೊಂಡ", "ಗುಟ್ಟು ಹೊರಗೆ ಬಂತು" ಎಂಬ ಮಾತುಗಳಿಗೆ ಅಚ್ಚು ಆಗುತ್ತದೆ ಎನ್ನುತ್ತಾರೆ ಇವರು.

## ಅಡಿಕೆ ರಾಶಿ ಏರುತ್ತದೆ, ರೇಟೂ ಏರುತ್ತದೆ

ಶಾಲೆಯಲ್ಲಿ ರೂಪಕ ಎಂದರೆ ಅಲಂಕಾರ, ಕವಿಗಳ ಕೆಲಸ ಎಂದು ಕಲಿತಿದ್ದೇವೆ. 1980ರಲ್ಲಿ ಲೇಕಾಫ್ ಮತ್ತು ತತ್ತ್ವಶಾಸ್ತ್ರದ ಮಾರ್ಕ್ ಜಾನ್ಸನ್ ಸೇರಿ ಬರೆದ ಪುಸ್ತಕ ಬೇರೆ ಮಾತು ಹೇಳಿತು. ರೂಪಕ ಮಾತಿನ ಒಡವೆ ಅಲ್ಲ, ಯೋಚಿಸುವ ದಾರಿ. ನಾವು ದಿನವೂ, ಗೊತ್ತಿಲ್ಲದೆಯೇ, ರೂಪಕದಲ್ಲಿ ಯೋಚಿಸುತ್ತೇವೆ.

ಅಡಿಕೆಯ ರೇಟು ‘ಏರಿತು’ ಅನ್ನುತ್ತೇವೆ, ‘ಇಳಿಯಿತು’ ಅನ್ನುತ್ತೇವೆ, ಕೆಟ್ಟ ವರ್ಷದಲ್ಲಿ ‘ಬಿದ್ದೇಹೋಯಿತು’ ಅನ್ನುತ್ತೇವೆ. ರೇಟಿಗೆ ಕಾಲಿಲ್ಲ, ಏಣಿ ಇಲ್ಲ. ಹಾಗಿದ್ದರೂ ಜಾಸ್ತಿ ಎಂದರೆ ಮೇಲೆ, ಕಡಿಮೆ ಎಂದರೆ ಕೆಳಗೆ ಅಂತ ಯಾಕೆ? ಅಂಗಳದಲ್ಲಿ ಅಡಿಕೆ ರಾಶಿ ಹಾಕುವುದನ್ನು ನೋಡಿದವರಿಗೆ ಉತ್ತರ ಕಣ್ಣೆದುರೇ ಇದೆ. ಬುಟ್ಟಿ ಸುರಿದಷ್ಟೂ ರಾಶಿ ಎತ್ತರವಾಗುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಮೇಲೆ ಬರುತ್ತದೆ, ಏಪ್ರಿಲ್‌ನಲ್ಲಿ ತಳಕ್ಕೆ ಇಳಿಯುತ್ತದೆ. ಜಾಸ್ತಿ ಮತ್ತು ಎತ್ತರ ಎರಡೂ ಒಟ್ಟಿಗೇ ಬರುವುದನ್ನು ಹುಟ್ಟಿದಾಗಿನಿಂದ ಸಾವಿರ ಸಲ ನೋಡಿರುತ್ತೇವೆ. ಕೊನೆಗೆ ಎತ್ತರವೇ ಇಲ್ಲದ ವಸ್ತುಗಳಿಗೂ ಅದೇ ಲೆಕ್ಕ ಅಂಟಿಕೊಳ್ಳುತ್ತದೆ: ಜ್ವರ ಏರಿತು, ಸಾಲ ಏರಿತು, ಸಂಬಳ ಏರಿತು.

ಸಿಟ್ಟು ಕುದಿಯುತ್ತದೆ, ಆಮೇಲೆ ತಣ್ಣಗಾಗುತ್ತದೆ. ಹೊಟ್ಟೆಯಲ್ಲಿ ಕಿಚ್ಚು. ಚಿಂತೆಯಾದರೆ ನಮ್ಮ ಕಡೆ ತಲೆಬಿಸಿ. ಸಿಟ್ಟು ಬಂದಾಗ ಮೈ ಬಿಸಿಯಾಗುವುದು ಎಲ್ಲರ ಅನುಭವ. ಆದ್ದರಿಂದ ದೂರದೂರದ ಭಾಷೆಗಳಲ್ಲೂ ಸಿಟ್ಟಿಗೆ ಬಿಸಿಯ ಮಾತುಗಳಿವೆ. ಆದರೆ ಆ ಬಿಸಿಯನ್ನು ತಲೆಯಲ್ಲಿ ಇಡಬೇಕೋ ಹೊಟ್ಟೆಯಲ್ಲಿ ಇಡಬೇಕೋ ಎನ್ನುವುದು ಆಯಾ ಊರಿಗೆ ಬಿಟ್ಟದ್ದು. ದೇಹ ಒಂದೇ, ಊರು ಬೇರೆ. ಈ ವಿಜ್ಞಾನ ಎರಡನ್ನೂ ಒಟ್ಟಿಗೆ ಹಿಡಿಯಲು ನೋಡುತ್ತದೆ.

## ಮುಂಗಾರು ಮೊದಲು ಬರುತ್ತದೆ, ಮುಂದಿನ ವಾರ ಆಮೇಲೆ ಬರುತ್ತದೆ

ನನಗೆ ಬಹಳ ಇಷ್ಟವಾದ ಉದಾಹರಣೆ ಇದು. ಸಾವಕಾಶವಾಗಿ ನೋಡೋಣ.

ಕಾಲ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಅದರ ಬಗ್ಗೆ ಮಾತಾಡಬೇಕಾದರೆ ಜಾಗದ ಪದಗಳನ್ನು ಸಾಲ ತರಬೇಕು. ಕನ್ನಡ ತಂದದ್ದು ಮುಂದೆ ಮತ್ತು ಹಿಂದೆ. ‘ಮುಂದಿನ ವಾರ’ ಎಂದರೆ ಬರಲಿರುವ ವಾರ. ‘ಹಿಂದಿನ ಕಾಲ’ ಎಂದರೆ ಆಗಿಹೋದದ್ದು. ಹಾಗಾದರೆ ಮುಂದೆ ಎಂದರೆ ಭವಿಷ್ಯ, ಹಿಂದೆ ಎಂದರೆ ಭೂತ. ಲೆಕ್ಕ ಸರಿಹೋಯಿತು ಅನ್ನಿಸುತ್ತದೆ.

ಆದರೆ ‘ಮದುವೆಯ ಮುನ್ನಾದಿನ’ ಎಂದರೆ? ಮದುವೆಗಿಂತ ಮೊದಲಿನ ದಿನ! ‘ಮುಂಚೆ’ ಎಂದರೂ ಮೊದಲೇ. ಜೂನ್‌ನಲ್ಲಿ ಮೊದಲು ಬರುವ ಮಳೆ ಮುಂಗಾರು, ಅಕ್ಟೋಬರ್ ಹೊತ್ತಿಗೆ ಆಮೇಲೆ ಬರುವುದು ಹಿಂಗಾರು. ಇಲ್ಲಿ ಮುಂದೆ ಇರುವುದು ಮೊದಲಾಗಿದ್ದು, ಹಿಂದೆ ಇರುವುದು ಆಮೇಲೆ ಆಗುವುದು. ಪೂರ್ತಿ ತಿರುಗುಮುರುಗು. ‘ಮುನ್ನಾದಿನ’ ಮತ್ತು ‘ಮುಂದಿನ ದಿನ’ ಎರಡೂ ಹೊರಟದ್ದು ‘ಮುನ್’ ಎಂಬ ಒಂದೇ ಮೂಲದಿಂದ, ಹೋಗಿ ನಿಂತದ್ದು ಎದುರುಬದುರು ದಿನಗಳ ಮೇಲೆ.

ಕನ್ನಡಿಗರು ಎಂದೂ ಇದರಲ್ಲಿ ಎಡವುವುದಿಲ್ಲ. ಯಾಕೆಂದರೆ ನಮ್ಮ ತಲೆಯಲ್ಲಿ ಕಾಲದ ಎರಡು ಚಿತ್ರಗಳಿವೆ. ಮೊದಲ ಚಿತ್ರದಲ್ಲಿ ನಾನು ದಾರಿಯಲ್ಲಿ ನಡೆಯುತ್ತಿದ್ದೇನೆ. ಇನ್ನೂ ತಲುಪದ ಜಾಗ ನನ್ನ ಮುಂದಿದೆ. ಅದು ಮುಂದಿನ ವಾರ. ಎರಡನೆಯ ಚಿತ್ರದಲ್ಲಿ ನಾನು ಲೆಕ್ಕಕ್ಕಿಲ್ಲ. ಸಂಜೆ ಗುಡ್ಡೆಯಿಂದ ದನಗಳು ಸಾಲಾಗಿ ಹಟ್ಟಿಗೆ ಬರುವಂತೆ ದಿನಗಳು ಸಾಲಾಗಿ ಬರುತ್ತಿವೆ. ಸಾಲಿನಲ್ಲಿ ಮುಂದಿರುವ ದನವೇ ಹಟ್ಟಿಗೆ ಮೊದಲು ತಲುಪುವುದು. ಮುಂಗಾರು ಆ ಮುಂದಿನ ದನ, ಹಿಂಗಾರು ಹಿಂದಿನದು. ಯಾವ ಪದ ಯಾವ ಚಿತ್ರಕ್ಕೆ ಸೇರಿದ್ದು ಎಂದು ಯಾರೂ ನಮಗೆ ಪಾಠ ಮಾಡಿಲ್ಲ. ಆದರೂ ನಾಲ್ಕನೇ ಕ್ಲಾಸಿನ ಮಗುವಿಗೂ ಗೊತ್ತು.

ಎಲ್ಲ ಜನರೂ ಹೀಗೆ ಅಂತ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಐಮಾರಾ ಎಂಬ ಭಾಷೆ ಇದೆ. ಅದರಲ್ಲಿ ಕಣ್ಣು, ಮುಂಭಾಗ ಎಂಬ ಅರ್ಥದ ಪದವೇ ಆಗಿಹೋದ ಕಾಲಕ್ಕೂ ಸಲ್ಲುತ್ತದೆ. ಬೆನ್ನಿನ ಕಡೆಯ ಪದ ಬರಲಿರುವ ಕಾಲಕ್ಕೆ. ರಫಾಯೆಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವರ ಮಾತನ್ನು ಮಾತ್ರ ಅಲ್ಲ, ಕೈಸನ್ನೆಗಳನ್ನೂ ನೋಡಿದರು. ಐಮಾರಾ ಹಿರಿಯರು ಹಳೆಯ ಕಾಲದ ಬಗ್ಗೆ ಹೇಳುವಾಗ ಕೈ ಮುಂದಕ್ಕೆ ಚಾಚುತ್ತಿದ್ದರು, ನಾಳೆಯ ಬಗ್ಗೆ ಹೇಳುವಾಗ ಹೆಗಲ ಹಿಂದಕ್ಕೆ. ಯೋಚಿಸಿದರೆ ಅದೂ ನ್ಯಾಯವೇ. ಆಗಿಹೋದದ್ದನ್ನು ನೋಡಿಯಾಗಿದೆ, ಅದು ಕಣ್ಣೆದುರು ಇದೆ. ನಾಳೆಯನ್ನು ಯಾರೂ ಕಂಡಿಲ್ಲ, ಅದು ಬೆನ್ನ ಹಿಂದೆ.

ಕೈಸನ್ನೆ ಯಾಕೆ ಮುಖ್ಯ? ಬರೀ ಪದಗಳನ್ನು ಆಯ್ದು "ಇವರ ಯೋಚನೆ ಹೀಗಿದೆ" ಎಂದರೆ, ಆ ಪದಗಳು ಹಳೆಯ ಅಭ್ಯಾಸ ಅಷ್ಟೇ, ತಲೆಯೊಳಗೆ ಅಂಥ ಚಿತ್ರ ಇದೆ ಅನ್ನಲು ಏನು ಸಾಕ್ಷಿ ಎಂದು ಕೇಳಬಹುದು. ಹಾಗೆ ಕೇಳಿದವರೂ ಇದ್ದಾರೆ, ಅದು ಸರಿಯಾದ ಪ್ರಶ್ನೆ. ಕೈ ಮಾತ್ರ ಪದವನ್ನು ಕಾಯದೆ ತಾನಾಗಿ ಚಲಿಸುತ್ತದೆ.

## ಈ ದಾರಿ ಎಲ್ಲಿಗೆ ಹೋಗ್ತದೆ?

ಪೆರ್ಲದ ಕಡೆ ಹೊಸಬರು ಯಾರಾದರೂ ಕಾರು ನಿಲ್ಲಿಸಿ ಕೇಳುವುದು ಇದನ್ನೇ. "ಈ ದಾರಿ ಎಲ್ಲಿಗೆ ಹೋಗ್ತದೆ?" ದಾರಿ ಎಲ್ಲಿಗೂ ಹೋಗುವುದಿಲ್ಲ, ಹಾಕಿದಲ್ಲೇ ಬಿದ್ದಿರುತ್ತದೆ. ಆದರೂ ದಾರಿ ಗುಡ್ಡೆ ಹತ್ತುತ್ತದೆ, ಬಲಕ್ಕೆ ತಿರುಗುತ್ತದೆ, ತೋಡು ದಾಟುತ್ತದೆ. ಅದೇ ದಾರಿಯನ್ನು ಮೇಲೆ ನಿಂತವನು "ಇಳಿಯುತ್ತದೆ" ಅನ್ನುತ್ತಾನೆ. ಮಣ್ಣು ಒಂದೇ, ನೋಟ ಎರಡು.

ಇದಕ್ಕೆ ಟಾಲ್ಮಿ ಮತ್ತು ಲ್ಯಾಂಗಾಕರ್ ಬಹಳ ಬೆಲೆ ಕೊಟ್ಟರು. ಅವರ ಪ್ರಕಾರ ವಾಕ್ಯ ಎಂದರೆ ನಡೆದದ್ದರ ಫೋಟೋ ಮಾತ್ರ ಅಲ್ಲ, ಕ್ಯಾಮೆರಾ ಎಲ್ಲಿಟ್ಟಿದ್ದೇವೆ ಎಂಬುದೂ ಅದರೊಳಗೇ ಇದೆ. ಟೀನಿ ಮ್ಯಾಟ್ಲಾಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಒಳ್ಳೆಯ ಬೆಂಬಲ. ಓದುಗರಿಗೆ ಮೊದಲು ಒಂದು ಪ್ರಯಾಣದ ಕಥೆ ಕೊಟ್ಟರು. ಕೆಲವರಿಗೆ ವೇಗದ, ಸಲೀಸಾದ ಪ್ರಯಾಣ. ಕೆಲವರಿಗೆ ನಿಧಾನದ, ಕಷ್ಟದ ಪ್ರಯಾಣ. ಕೊನೆಗೆ "ದಾರಿ ಕಣಿವೆಯಲ್ಲಿ ಹಾದುಹೋಗುತ್ತದೆ" ಎನ್ನುವ ಥರದ ಒಂದು ವಾಕ್ಯ. ನಿಧಾನದ ಕಥೆ ಓದಿದವರಿಗೆ ಆ ವಾಕ್ಯವನ್ನು ಗ್ರಹಿಸಲು ಜಾಸ್ತಿ ಹೊತ್ತು ಬೇಕಾಯಿತು. ದಾರಿ ಅಲುಗದಿದ್ದರೂ ಓದುವವರ ಮನಸ್ಸು ಆ ದಾರಿಯಲ್ಲಿ ನಡೆದುಕೊಂಡೇ ಹೋಗಿತ್ತು.

ವ್ಯಾಕರಣದಲ್ಲೂ ಇದೇ ಕಥೆ. "ನಾನು ಲೋಟ ಒಡೆದೆ" ಮತ್ತು "ಲೋಟ ಒಡೆದುಹೋಯಿತು". ಎರಡೂ ನಿಜವೇ ಇರಬಹುದು, ಆದರೆ ಎರಡನೆಯದರಲ್ಲಿ ನಾನು ಚಿತ್ರದಿಂದ ಹೊರಗೆ. ಮಕ್ಕಳು ಇದನ್ನು ಎಷ್ಟು ಬೇಗ ಕಲಿಯುತ್ತಾರೆ ಅಂತ ಮನೆಯಲ್ಲಿ ಲೋಟ ಇರುವವರಿಗೆಲ್ಲ ಗೊತ್ತು.

ಇನ್ನೊಂದು ನೋಡಿ. ಕನ್ನಡದಲ್ಲಿ ಸಿಟ್ಟು, ನಿದ್ದೆ, ನೆನಪು ಎಲ್ಲ ನಮಗೆ ‘ಬರುತ್ತವೆ’. ಕರೆಯದೆ ಬಂದ ನೆಂಟರ ಹಾಗೆ. ಭಾಷೆಯೂ ಅಷ್ಟೇ. ಕನ್ನಡದಲ್ಲಿ "ನನಗೆ ತುಳು ಬರ್ತದೆ", ಹವ್ಯಕದಲ್ಲಿ "ಎನಗೆ ತುಳು ಬತ್ತು", ತುಳುವಿನಲ್ಲಿ "ಎಂಕ್ ತುಳು ಬರ್ಪುಂಡು". ಬೇರೆಯೇ ಕುಲದ ಮರಾಠಿಯಲ್ಲೂ "ಮಲಾ ಮರಾಠಿ ಯೇತೇ", ನನಗೆ ಮರಾಠಿ ಬರುತ್ತದೆ ಅಂತಲೇ. ಇಂಗ್ಲಿಷಿನವರಿಗೆ ಇದನ್ನೇ ಹೇಳಬೇಕಾದರೆ "ನಾನು" ಎಂದೇ ಶುರುಮಾಡಬೇಕು. ಒಂದರಲ್ಲಿ ಭಾಷೆ ನನ್ನ ಕಡೆ ನಡೆದು ಬರುತ್ತದೆ, ಇನ್ನೊಂದರಲ್ಲಿ ನಾನು ಅದರ ಯಜಮಾನ. ಲ್ಯಾಂಗಾಕರ್ ಹೇಳುವುದು ಇದನ್ನೇ: ‘ನಾನು’ ಮತ್ತು ‘ನನಗೆ’ ನಡುವಿನ ವ್ಯತ್ಯಾಸ ಬರೀ ವಿಭಕ್ತಿಯ ನಿಯಮ ಅಲ್ಲ, ಅದಕ್ಕೂ ಅರ್ಥ ಇದೆ.

## ಹಲಸು ಹಣ್ಣೋ ತರಕಾರಿಯೋ

ಹಣ್ಣು ಹೇಳಿ ಎಂದರೆ ತಟ್ಟನೆ ಬಾಯಿಗೆ ಬರುವುದು ಮಾವು, ಬಾಳೆ. ಟೊಮೆಟೊ ಯಾರೂ ಹೇಳುವುದಿಲ್ಲ. ಹಲಸು ಇನ್ನೂ ಮಜಾ. ಎಳೆಯದಾದರೆ ಗುಜ್ಜೆ, ಪಲ್ಯಕ್ಕೆ. ಬಲಿತರೆ ಹಲಸಿನಕಾಯಿ, ಸಾಂಬಾರಿಗೆ, ಹಪ್ಪಳಕ್ಕೆ. ಕಳಿತರೆ ಹಣ್ಣು. ಮರ ಒಂದೇ, ಗುಂಪು ಮಾತ್ರ ಬದಲಾಗುತ್ತಾ ಹೋಗುತ್ತದೆ.

ಒಂದು ಗುಂಪಿಗೆ ಸೇರಬೇಕಾದರೆ ಇಂತಿಂಥ ಲಕ್ಷಣ ಇರಲೇಬೇಕು, ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಂಬುದು ಹಳೆಯ ನಂಬಿಕೆ. ಎಲಿನಾರ್ ರಾಷ್ ಎಂಬ ಮನಶ್ಶಾಸ್ತ್ರಜ್ಞೆ ಎಪ್ಪತ್ತರ ದಶಕದಲ್ಲಿ ಅದನ್ನು ಅಲ್ಲಾಡಿಸಿದರು. ಗುಂಪಿನ ನಡುವೆ ಒಳ್ಳೆಯ ಮಾದರಿಗಳು ಇರುತ್ತವೆ, ಅಂಚಿನಲ್ಲಿ ಅನುಮಾನದವು ಇರುತ್ತವೆ. ಅಮೆರಿಕದ ವಿದ್ಯಾರ್ಥಿಗಳಿಗೆ ರಾಬಿನ್ ಅಪ್ಪಟ ಹಕ್ಕಿ, ಪೆಂಗ್ವಿನ್ ಹೆಸರಿಗೆ ಹಕ್ಕಿ. ನಮ್ಮಲ್ಲಿ ಕೋಳಿಯನ್ನು ಹಕ್ಕಿಯಾ ಅಂತ ಕೇಳಿ ನೋಡಿ. ಉತ್ತರ "ಹೌದು" ಎಂದೇ ಬರುತ್ತದೆ, ಆದರೆ ಒಂದು ಕ್ಷಣ ತಡೆದು.

ಪದದ ಹಿಂದೆ ಮಾದರಿ ಮಾತ್ರ ಅಲ್ಲ, ಇಡೀ ದೃಶ್ಯವೇ ಇರುತ್ತದೆ ಎಂದರು ಫಿಲ್ಮೋರ್. ‘ಬಾಣಂತಿ’ ಎಂಬ ಪದವನ್ನು ಹೆರಿಗೆಯಾದ ಹೆಂಗಸು ಎಂದು ವಿವರಿಸಿದರೆ ಅರ್ಧವೂ ಹೇಳಿದಂತಾಗುವುದಿಲ್ಲ. ಎಣ್ಣೆ ನೀರು, ಪಥ್ಯ, ಮುಚ್ಚಿದ ಕಿಟಕಿ, ತವರುಮನೆ, ತೊಟ್ಟಿಲು ಎಲ್ಲ ಒಟ್ಟಿಗೆ ಮನಸ್ಸಿಗೆ ಬಂದರೇ ಆ ಪದ ಅರ್ಥವಾದಂತೆ. ಯಂತ್ರದ ಅನುವಾದ ಎಡವುವುದು ಜಾಸ್ತಿ ಇಂಥಲ್ಲೇ.

## ಮೂಡು, ಪಡು ಮತ್ತು ಒಂದು ಎಚ್ಚರಿಕೆ

ಭಾಷೆ ಯೋಚನೆಯನ್ನು ಬದಲಿಸುತ್ತದಾ? ಎಲ್ಲರಿಗೂ ಬರುವ ಪ್ರಶ್ನೆ ಇದು. ಸುಮ್ನೆ ಹೌದು ಅಥವಾ ಅಲ್ಲ ಎಂದು ಮುಗಿಸುವ ಹಾಗಿಲ್ಲ.

ಕರಾವಳಿಯ ಹಳೆ ಮನೆಗಳಲ್ಲಿ ಹಿರಿಯರು ಎಡ-ಬಲ ಅನ್ನುವುದು ಕಡಿಮೆ. "ಉಪ್ಪಿನಕಾಯಿ ಭರಣಿ ಪಡು ಬದಿಯಲ್ಲಿ ಇದೆ", "ಸ್ವಲ್ಪ ಮೂಡಕ್ಕೆ ಸರಿದು ಕುಳಿತುಕೋ". ಸೂರ್ಯ ಮೂಡುವ ಕಡೆ ಮೂಡು, ಪಡುವ ಅಂದರೆ ಇಳಿಯುವ ಕಡೆ ಪಡು. ಮೂಡಬಿದಿರೆ, ಪಡುಬಿದ್ರಿ ಎಂಬ ಊರ ಹೆಸರುಗಳಲ್ಲಿ, ಯಕ್ಷಗಾನದ ತೆಂಕು (ದಕ್ಷಿಣ), ಬಡಗು (ಉತ್ತರ) ತಿಟ್ಟುಗಳಲ್ಲಿ ಹೀಗೆಯೇ ದಿಕ್ಕುಗಳು ಕೂತಿವೆ.

ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗೂಗು ಯಿಮಿಥಿರ್ ಎಂಬ ಭಾಷೆ ಇದೆ. ಕಾಂಗರೂ ಎಂಬ ಪದ ಇಂಗ್ಲಿಷಿಗೆ ಹೋದದ್ದು ಇಲ್ಲಿಂದಲೇ. ಅದರಲ್ಲಿ ಜಾಗ ತೋರಿಸಲು ಎಡ-ಬಲ ಬಳಸುವುದೇ ಇಲ್ಲ, ಎಲ್ಲಕ್ಕೂ ದಿಕ್ಕು. ಸ್ಟೀಫನ್ ಲೆವಿನ್ಸನ್ ಮತ್ತು ಜೊತೆಗಾರರು ಇಂಥ ಭಾಷೆಗಳವರನ್ನು ಪರೀಕ್ಷಿಸಿದರು. ಮೇಜಿನ ಮೇಲೆ ಸಾಲಾಗಿಟ್ಟ ಆಟಿಕೆಗಳನ್ನು ತೋರಿಸಿ, ಆಮೇಲೆ ಹಿಂದಿನ ಮೇಜಿಗೆ ತಿರುಗಿಸಿ, ನೋಡಿದ ಹಾಗೇ ಜೋಡಿಸಿ ಅಂದರು. ಎಡ-ಬಲದ ಭಾಷೆಯವರು ಎಡದ್ದನ್ನು ಎಡಕ್ಕೇ ಇಟ್ಟರು. ದಿಕ್ಕಿನ ಭಾಷೆಯವರಲ್ಲಿ ಹೆಚ್ಚಿನವರು ಉತ್ತರದ್ದನ್ನು ಉತ್ತರಕ್ಕೇ ಇಟ್ಟರು. ಇದಕ್ಕೆ ಕಾರಣ ಭಾಷೆಯೋ, ಬದುಕುವ ಜಾಗವೋ ಎಂದು ಬೇರೆ ಸಂಶೋಧಕರು ವಾದಿಸಿದ್ದಾರೆ. ಆ ಚರ್ಚೆ ನಿಂತಿಲ್ಲ.

ಎಚ್ಚರಿಕೆಗೆ ಇನ್ನೊಂದು ಉದಾಹರಣೆ ಬೇಕು. ಚೀನಿ ಭಾಷೆಯವರು ಕಾಲವನ್ನು ಮೇಲಿನಿಂದ ಕೆಳಕ್ಕೆ ಯೋಚಿಸುತ್ತಾರೆ, ಇಂಗ್ಲಿಷಿನಲ್ಲಿ ಯೋಚಿಸುವಾಗಲೂ ಅದು ಬಿಡುವುದಿಲ್ಲ ಎಂದು 2001ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಹೇಳಿತು. 2007ರಲ್ಲಿ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಆದ್ದರಿಂದ "ಆ ಪದ ಇಲ್ಲದವರಿಗೆ ಆ ಯೋಚನೆಯೇ ಬರುವುದಿಲ್ಲ" ಎನ್ನುವ ಮಾತುಗಳನ್ನು ನಂಬಬೇಡಿ. ಪುಸ್ತಕದ ಕನ್ನಡಕ್ಕೆ ಎರಡು ‘ನಾವು’ ಇಲ್ಲ. ಹಾಗಂತ ಮದುವೆಗೆ ಕರೆದದ್ದು ಯಾರನ್ನು ಅಂತ ಕನ್ನಡಿಗರಿಗೆ ತಿಳಿಯದೆ ಹೋಗುತ್ತದಾ? ಭಾಷೆ ಬೇಲಿ ಹಾಕುವುದಿಲ್ಲ. ಯಾವುದರ ಕಡೆ ಗಮನ ಕೊಡಲೇಬೇಕು ಎಂದು ಅಭ್ಯಾಸ ಮಾಡಿಸುತ್ತದೆ. ಹವ್ಯಕದಲ್ಲೋ ತುಳುವಿನಲ್ಲೋ ಬಾಯಿ ತೆರೆಯುವ ಮೊದಲೇ, ಕೇಳುವವರು ಗುಂಪಿನ ಒಳಗೋ ಹೊರಗೋ ಎಂದು ನಿರ್ಧರಿಸಬೇಕು. ಪುಸ್ತಕದ ಕನ್ನಡದಲ್ಲಿ ಅದನ್ನು ಹೇಳದೆಯೂ ನಡೆಯುತ್ತದೆ.

## ಹಾಗಾದರೆ ಆ ಮಗು?

ಉಂಗುರ ಹಾಕು, ಚೀಲಕ್ಕೆ ಪುಸ್ತಕ ಹಾಕು, ಸಾರಿಗೆ ಉಪ್ಪು ಹಾಕು, ಬಾಗಿಲು ಹಾಕು, ಫ್ಯಾನ್ ಹಾಕು. ಕನ್ನಡಕ್ಕೆ ಎಲ್ಲವೂ ‘ಹಾಕು’. ಕೊರಿಯನ್ ಭಾಷೆಯಲ್ಲಿ ಉಂಗುರದ ಹಾಗೆ ಬಿಗಿಯಾಗಿ ಕೂರುವುದಕ್ಕೆ ಬೇರೆ ಕ್ರಿಯಾಪದ, ಚೀಲದೊಳಗೆ ಸಡಿಲವಾಗಿ ಹಾಕುವುದಕ್ಕೆ ಬೇರೆ. ಇಂಗ್ಲಿಷಿನಲ್ಲಿ ಈ ಬಿಗಿ-ಸಡಿಲದ ಭೇದ ಇಲ್ಲ. ಆದರೆ 2004ರಲ್ಲಿ ಸೂಸನ್ ಹೆಸ್ಪೋಸ್ ಮತ್ತು ಎಲಿಜಬೆತ್ ಸ್ಪೆಲ್ಕಿ, ಇಂಗ್ಲಿಷ್ ಮಾತಾಡುವ ಮನೆಯ ಐದು ತಿಂಗಳ ಕೂಸುಗಳಿಗೆ ಒಂದು ಪಾತ್ರೆಯೊಳಗೆ ಇನ್ನೊಂದು ಬಿಗಿಯಾಗಿ, ಸಡಿಲವಾಗಿ ಕೂರುವುದನ್ನು ತೋರಿಸಿದರು. ಬಿಗಿಯಿಂದ ಸಡಿಲಕ್ಕೆ ಬದಲಾದಾಗ ಕೂಸುಗಳು ಜಾಸ್ತಿ ಹೊತ್ತು ನೋಡಿದವು. ಅಂದರೆ ಭೇದ ಅವಕ್ಕೆ ಕಾಣುತ್ತಿತ್ತು. ಮನಸ್ಸು ಎಲ್ಲಕ್ಕೂ ತೆರೆದೇ ಇರುತ್ತದೆ, ಸುತ್ತಲಿನ ಭಾಷೆಗಳು ಕೆಲವನ್ನು ಎತ್ತಿ ಹಿಡಿಯುತ್ತವೆ.

ಮಕ್ಕಳು ವ್ಯಾಕರಣ ಕಲಿಯುವ ಬಗೆಯನ್ನು ಮೈಕಲ್ ತೊಮಸೆಲ್ಲೊ ತನ್ನ ಮಗಳ ಮಾತುಗಳನ್ನು ದಿನವೂ ಬರೆದಿಟ್ಟು ನೋಡಿದರು. ಮೊದಲು ಮಗು ಇಡೀ ತುಂಡುಗಳನ್ನು ಕಲಿಯುತ್ತದೆ. "ಹಾಲು ಬೇಕು", "ಚೆಂಡು ಬೇಕು". ಸ್ವಲ್ಪ ದಿನಕ್ಕೆ ‘ಇಂಥದ್ದು ಬೇಕು’ ಎಂಬ ಖಾಲಿ ಅಚ್ಚು ತಲೆಯಲ್ಲಿ ಉಳಿಯುತ್ತದೆ. ನಿಯಮ ಮೊದಲು, ಮಾತು ಆಮೇಲೆ ಅಲ್ಲ. ಕೇಳಿ ಕೇಳಿ, ಆಡಿ ಆಡಿ, ಬಳಕೆಯಿಂದಲೇ ನಿಯಮ ಮೂಡುತ್ತದೆ. ಒಂದಕ್ಕಿಂತ ಹೆಚ್ಚು ಭಾಷೆ ಕೇಳಿದರೆ ಮಾತಿನ ದೋಷ ಬರುವುದಿಲ್ಲ ಎಂಬುದನ್ನು ಈ ಕ್ಷೇತ್ರದವರು ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ. ಒಂದೊಂದೇ ಭಾಷೆ ತೆಗೆದುಕೊಂಡರೆ ಪದ ಸ್ವಲ್ಪ ಕಡಿಮೆ ಇರಬಹುದು, ಒಟ್ಟು ಲೆಕ್ಕ ಹಾಕಿದರೆ ಕಡಿಮೆ ಇರುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಗೊಂದಲದ ಲಕ್ಷಣವೂ ಅಲ್ಲ, ದೊಡ್ಡವರೂ ಅದನ್ನೇ ಮಾಡುತ್ತೇವೆ.

ಇದನ್ನೆಲ್ಲ ಆ ಅಮ್ಮನಿಗೆ ಹೇಳಿದೆ. ಅವಳು ಇನ್ನೊಂದು ಅನುಮಾನ ತೆಗೆದಳು. "ಹೌದು ಅಕ್ಕ, ಆದ್ರೆ ಮೊದಲು ಟಿವಿ ನೋಡಿ ‘ಕೊಟ್ಟೆ’ ಅಂತ ಸರಿಯಾಗಿ ಹೇಳ್ತಿದ್ಲು. ಈಗ ಎರಡು ತಿಂಗಳಿಂದ ‘ಕೊಡಿದೆ’ ಅಂತಾಳೆ. ಹಿಂದಕ್ಕೆ ಹೋದದ್ದಲ್ವಾ?"

ಮಾಡು-ಮಾಡಿದೆ, ಓಡು-ಓಡಿದೆ, ನೋಡು-ನೋಡಿದೆ. ಹಾಗಾದರೆ ಕೊಡು-ಕೊಡಿದೆ. ಮೊದಲು ‘ಕೊಟ್ಟೆ’ ಎಂದದ್ದು ಕೇಳಿದ್ದನ್ನು ಹಾಗೆಯೇ ಒಪ್ಪಿಸಿದ್ದು. ‘ಕೊಡಿದೆ’ಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಮನೆಯಲ್ಲಿ ಯಾರೂ ಹಾಗೆ ಹೇಳುವುದೂ ಇಲ್ಲ. ಅದು ಅವಳೇ ಕಂಡುಹಿಡಿದ ನಿಯಮ. ಒಂದು ಕಾಗದದ ಹಿಂದೆ ಬರೆದು ತೋರಿಸಿದೆ. ಅವಳು ಓದುತ್ತಿದ್ದಾಗಲೇ ಮಗು ಓಡಿಬಂದು ನನ್ನ ಕೈಗೆ ಒಂದು ಪೇರಳೆ ಇಟ್ಟು, "ಅತ್ತೆಗೆ ಕೊಡಿದೆ" ಅಂದಳು. ಅಮ್ಮ ತಿದ್ದಲು ಹೋಗಿ ಸುಮ್ಮನಾದಳು. ಕಾಗದ ಮಡಚಿ ಡಬ್ಬಿಯ ಅಡಿಗೆ ಇಟ್ಟಳು.